ಚೆನ್ನಾಗಿರ್ಲಿಲ್ಲ ಎಂದ ಅಕ್ಕ

ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಎಲ್ಲರೂ ಬಾಗಿಲ ಕಡೆ ನುಗ್ಗುತ್ತಿದ್ದರೆ ಅಕ್ಕ ಮಾತ್ರ ಸೀಟು ಬಿಟ್ಟು ಏಳುತ್ತಿರಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಹೆಸರುಗಳು ಮೇಲಕ್ಕೆ ಓಡುವ ಪರದೆಯನ್ನೇ ನೋಡುತ್ತಾ, ಟಾಕೀಸು ಖಾಲಿಯಾಗುವವರೆಗೂ ಕೂತಿರುತ್ತಿದ್ದರು. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ಒಂದೇ ಮಾತು ಹೇಳುತ್ತಿದ್ದರು. "ಚೆನ್ನಾಗಿರ್ಲಿಲ್ಲ ಮಿಸ್." ಅದರಲ್ಲಿ ಕೋಪವಿರುತ್ತಿರಲಿಲ್ಲ. ನೆಂಟರ ಮನೆಗೆ ಹೋಗಿ, ಬೀಗ ಹಾಕಿದ್ದು ನೋಡಿ ವಾಪಸು ಬಂದವರ ದನಿ ಅದು.

ಅಕ್ಕ ನನಗೆ ಸಂಬಂಧಿಕರಲ್ಲ. ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಾಗ ನನಗೆ ಸಿಕ್ಕ ಬಾಡಿಗೆ ಕೋಣೆ ಮಗ್ಗದವರ ಬೀದಿಯಲ್ಲಿತ್ತು. ಕೆಳಗೆ ಮನೆಯ ಯಜಮಾನಿ ರತ್ನಮ್ಮನವರ ವಿದ್ಯುತ್ ಮಗ್ಗಗಳ ಶೆಡ್ಡು, ಮೇಲೆ ನನ್ನ ಕೋಣೆ. ಆ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಸೀರೆ ನೇಯುತ್ತಿದ್ದವರು ಅಕ್ಕ. ಎದುರಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಮದುವೆಯಾಗಿ ಹೊಸಕೋಟೆಯಲ್ಲಿದ್ದಳು, ಅಳಿಯನಿಗೆ ಪಿಲ್ಲಗುಂಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಬೀದಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಹೆಸರು ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಬೆಳಿಗ್ಗೆ ಆರಕ್ಕೆ ಮಗ್ಗಗಳು ಶುರುವಾದರೆ ಆ ಬೀದಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಮೊದಮೊದಲು ನನಗೆ ತಲೆನೋವು ಬರುತ್ತಿತ್ತು. ಬೀದಿಯವರಿಗೆ ಅದೊಂದು ಸದ್ದೇ ಅಲ್ಲ. ಮಗ್ಗದ ಆಚೆ ಒಬ್ಬರು ಈಚೆ ಒಬ್ಬರು ನಿಂತು ಬಾಯಿ ಆಡಿಸುತ್ತಿದ್ದರು, ಕೈ ಆಡಿಸುತ್ತಿದ್ದರು, ನಗುತ್ತಿದ್ದರು. ಕರೆಂಟು ಹೋದರೆ ಮಾತ್ರ ಇಡೀ ಬೀದಿ ಒಮ್ಮೆಲೇ ನಿಶ್ಶಬ್ದವಾಗಿ, ಎಲ್ಲರೂ ಜಗುಲಿಗೆ ಬಂದು ಕೂರುತ್ತಿದ್ದರು. ಹರಟೆ ಎಲ್ಲಾ ಆಗಲೇ. ಅಕ್ಕ ಯಾವಾಗಲೂ ಎದುರಿನ ಮೆಟ್ಟಿಲ ಮೇಲೆ, ಎಲ್ಲರ ಮುಖ ಕಾಣುವ ಹಾಗೆ ಕೂರುತ್ತಿದ್ದರು.

ಅವರು ನನ್ನನ್ನು ಹಚ್ಚಿಕೊಂಡದ್ದಕ್ಕೆ ಕಾರಣ ನನ್ನ ಮಾತು. "ನೀವು ಬಿಡಿಸಿ ಬಿಡಿಸಿ ಮಾತಾಡ್ತೀರಿ ಮಿಸ್, ನೋಡಕ್ಕೇ ಚೆಂದ" ಅಂದಿದ್ದರು ಪರಿಚಯವಾದ ವಾರದಲ್ಲೇ. ಪಾಠ ಮಾಡಿ ಮಾಡಿ ಬಂದ ಅಭ್ಯಾಸ ಅದು. ನನ್ನ ಕನ್ನಡವನ್ನು ಹೊಗಳಿದರು ಅಂತ ನಾನು ಖುಷಿಪಟ್ಟೆ. ಅವರಿಗೆ ಫೋನು ಬಂದರೆ ನನ್ನ ಕೈಗೆ ಕೊಟ್ಟು, ಕೈಯಲ್ಲಿ ಎಣ್ಣೆ ಇದೆ, ಮಗಳು ಏನಂತಾಳೆ ಕೇಳಿ ಹೇಳಿ ಅನ್ನುತ್ತಿದ್ದರು. ಕೈಯಲ್ಲಿ ಎಣ್ಣೆ ಇಲ್ಲದ ದಿನವೂ ಹಾಗೇ ಹೇಳುತ್ತಿದ್ದರು. ನಾನು ಅದನ್ನೂ ಯೋಚಿಸಿ ನೋಡಲಿಲ್ಲ.

ಅಕ್ಕನಿಗೆ ಸಿನಿಮಾ ಹುಚ್ಚೇನೂ ಇರಲಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ. ಅದೂ ಬಹಳ ಸದ್ದು ಮಾಡಿದ ಸಿನಿಮಾ ಆಗಬೇಕು. ಬೆಂಗಳೂರು ರಸ್ತೆಯ ಉದ್ದಕ್ಕೂ ಪೋಸ್ಟರು, ಆಟೋಗಳ ಬೆನ್ನ ಮೇಲೆ ಹೀರೋ ಮುಖ, ಯಾರ ಫೋನಿನಲ್ಲಿ ನೋಡಿದರೂ ಅದೇ ಹಾಡು, ನನ್ನ ಎಂಟನೇ ಕ್ಲಾಸಿನ ಮಕ್ಕಳ ಬಾಯಲ್ಲಿ ಅದೇ ಡೈಲಾಗು, ಅಷ್ಟಾದ ಮೇಲೆ ಅಕ್ಕ ಒಂದು ಸಂಜೆ ಮೇಲೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಊರೆಲ್ಲಾ ಅದೇ ಮಾತಾಡ್ತಿದೆ. ನಾವೂ ನೋಡ್ಕೊಂಡ್ ಬರಾಣ್ವಾ?" ಭಾನುವಾರ ಮಗ್ಗಕ್ಕೆ ರಜೆ. ಅವತ್ತು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಹೊರಟವರ ಹಾಗೆ ನನಗಿಂತ ಮುಂಚೆ ರಸ್ತೆಯಲ್ಲಿ ನಿಂತಿರುತ್ತಿದ್ದರು.

ನಾವು ಮೊದಲು ನೋಡಿದ್ದು ಐದು ಭಾಷೆಯಲ್ಲಿ ಒಟ್ಟಿಗೆ ಬಿಡುಗಡೆಯಾದ ಒಂದು ರಾಜಮಹಾರಾಜರ ಚಿತ್ರ. ಟಾಕೀಸಿನ ಮುಂದೆ ಕಟೌಟಿಗೆ ಹಾಲು, ಪಟಾಕಿ, ತಮಟೆ. ಒಳಗೆ ಹೋದರೆ ಹೊರಗಿನ ತಮಟೆಯೇ ವಾಸಿ ಅನ್ನಿಸುವಷ್ಟು ಸದ್ದು. ಆನೆಗಳು ಬಂದವು, ಕೋಟೆಗಳು ಬಿದ್ದವು. ಮುಗಿದ ಮೇಲೆ ಅಕ್ಕ ಎಂದಿನ ಹಾಗೆ ಕೂತಿದ್ದು, ಎದ್ದು, ಚೆನ್ನಾಗಿರ್ಲಿಲ್ಲ ಅಂದರು. ಯಾಕೆ ಅಂದೆ.

"ಒಬ್ಬ ತೆಲುಗಲ್ಲಿ ಬೈತಾನೆ, ಇನ್ನೊಬ್ಬ ಅದ್ಯಾವ್ದೋ ಭಾಷೇಲಿ ಬೈಸ್ಕೊತಾನೆ. ಜಗಳಾನೇ ಕೂಡಿ ಬರ್ಲಿಲ್ಲ."

ಇಬ್ಬರೂ ಕನ್ನಡದಲ್ಲೇ ತಾನೇ ಮಾತಾಡಿದ್ದು ಅಂದೆ. ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹೌದು ಬಿಡಿ, ನಂಗೆ ಹಂಗನ್ನಿಸ್ತು ಅಂದು ಮುಂದೆ ನಡೆದರು.

ಎರಡನೆಯದರಲ್ಲಿ ಹೀರೋಗೆ ಎದೆಯವರೆಗೆ ಗಡ್ಡ. ವಿಲನ್ನಿಗೆ ಅದಕ್ಕಿಂತ ದೊಡ್ಡ ಗಡ್ಡ. ಇಡೀ ಕಥೆ ಹೊಗೆ, ಧೂಳು, ಕತ್ತಲೆಯಲ್ಲೇ ನಡೆಯಿತು. ಅಕ್ಕ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಇಂಟರ್‌ವಲ್ಲಿನ ಹೊತ್ತಿಗೆ ಒರಗಿ ಕೂತುಬಿಟ್ಟರು. ವಾಪಸು ಬರುವಾಗ, "ಆ ಗಡ್ಡದೊಳಗೆ ಅವ್ನು ಏನ್ ಮಾತಾಡ್ದ ಅಂತ ಅವರಮ್ಮಂಗಾದ್ರೂ ಗೊತ್ತಾಯ್ತೋ ಇಲ್ವೋ" ಅಂದರು. ನಾನು ಬಸ್ಸಿನಲ್ಲಿ ನಕ್ಕೂ ನಕ್ಕೂ ಸುಸ್ತಾದೆ. ಅಕ್ಕ ನಗಲಿಲ್ಲ. ಮೂರು ಗಂಟೆ ಎದೆಗೆ ಗುದ್ದಿಸಿಕೊಂಡು ಬಂದ ಹಾಗಾಯಿತು ಅಂತ ಎದೆ ನೀವಿಕೊಂಡರು.

ಆದರೂ ಮುಂದಿನ ದೊಡ್ಡ ಸಿನಿಮಾ ಬಂದಾಗ ಮತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಇಷ್ಟೊಂದು ಜನ ಇಷ್ಟಪಡುತ್ತಿದ್ದಾರೆ ಅಂದ ಮೇಲೆ ಈ ಸಲ ಏನೋ ಇರಬೇಕು ಅನ್ನುವ ನಂಬಿಕೆ. ಸೋಮವಾರ ಕರೆಂಟು ಹೋದಾಗ ಜಗುಲಿಯ ಹೆಂಗಸರು ಕೇಳುತ್ತಿದ್ದರು, ಹೆಂಗಿತ್ತಕ್ಕ ಅಂತ. ಅಕ್ಕ ಚೆನ್ನಾಗಿರ್ಲಿಲ್ಲ ಅನ್ನುತ್ತಿದ್ದರು. ಅಲ್ಲಿಗೆ ಜಗಳ ಶುರು. ರತ್ನಮ್ಮನವರ ಮಗ ಹೀರೋ ಒಬ್ಬನ ಅಭಿಮಾನಿ ಸಂಘದಲ್ಲಿದ್ದ, ಹಾಗಾಗಿ ರತ್ನಮ್ಮನವರಿಗೆ ಅದು ಮನೆಯ ಮರ್ಯಾದೆಯ ಪ್ರಶ್ನೆ. ನಿಂಗೇನು ಗೊತ್ತು ಅಂತ ಇವರು, ನೋಡಿದ್ದು ನಾನಲ್ವಾ ಅಂತ ಅವರು. ಕರೆಂಟು ಬರುವವರೆಗೂ ನಡೆಯುತ್ತಿತ್ತು. ಆ ಜಗಳದಲ್ಲಿ ಅಕ್ಕನ ಮುಖ ಹೊಳೆಯುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಅಷ್ಟು ಹೊತ್ತು ಅವರೊಡನೆ ಯಾರಾದರೂ ಮಾತಾಡುತ್ತಿದ್ದದ್ದು ಆಗ ಮಾತ್ರ.

ಒಂದು ಭಾನುವಾರ ಯಲಹಂಕದ ಕಡೆಯ ಮಾಲಿಗೆ ಹೋದೆವು. ನೋಡಬೇಕೆಂದುಕೊಂಡಿದ್ದ ದೊಡ್ಡ ಚಿತ್ರದ ಟಿಕೆಟ್ಟು ಮುಗಿದಿತ್ತು. ಅಷ್ಟು ದೂರ ಬಂದಾಗಿದೆ ಅಂತ, ಪಕ್ಕದ ಪರದೆಯಲ್ಲಿ ಯಾವುದೋ ಹೆಸರು ಕೇಳದ ಕನ್ನಡ ಚಿತ್ರಕ್ಕೆ ಕೂತೆವು. ಒಳಗೆ ನಾವು ಸೇರಿ ಒಂಬತ್ತು ಜನ. ಕಥೆ ಅಂತ ಹೇಳುವಂಥದ್ದೇನಿಲ್ಲ. ಅಪ್ಪ ತೀರಿಹೋಗಿದ್ದಾನೆ, ಅಣ್ಣ ತಂಗಿ ಇಬ್ಬರೂ ಅವನ ಹಳೆಯ ಚಪ್ಪಲಿ ಅಂಗಡಿಯನ್ನು ಖಾಲಿ ಮಾಡುತ್ತಾ ಮಾತಾಡುತ್ತಾರೆ. ಹಗಲು ಬೆಳಕು. ಇಬ್ಬರ ಮುಖವೂ ಪರದೆ ತುಂಬ. ಅಣ್ಣನಿಗೆ ಗಡ್ಡವಿರಲಿಲ್ಲ.

ಇಂಟರ್‌ವಲ್ಲಾದ ಸ್ವಲ್ಪ ಹೊತ್ತಿಗೆ ಧ್ವನಿ ಹೋಯಿತು. ಚಿತ್ರ ಓಡುತ್ತಿದೆ, ಸದ್ದಿಲ್ಲ. ಹಿಂದಿನ ಸಾಲಿನವರು ಗೊಣಗಿದರು, ಒಬ್ಬಾತ ಎದ್ದು ಹೊರಗೆ ಹೇಳಲು ಹೋದ. ಆಗ ಅಕ್ಕ ನಕ್ಕರು. ಸಣ್ಣ ನಗುವಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ಮೈ ಕುಲುಕಿ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿದರು. ನಾನು ನಗದೆ ಇದ್ದದ್ದು ನೋಡಿ ಅವರಿಗೆ ಆಶ್ಚರ್ಯ.

"ನಿಮಗೆ ನಗು ಬರ್ಲಿಲ್ವಾ? ಅಪ್ಪನ ಚಪ್ಪಲಿ ಕಾಲಿಗೆ ಹತ್ತದೇ ಇಲ್ಲ, ಆದ್ರೂ ಸರಿಯಾಗೈತೆ ಅಂತಾನೆ ನೋಡಿ. ಅವ್ಳು, ಕಾಲು ಕೊಯ್ಕೋ ಸರಿಹೋಗ್ತದೆ ಅಂತಿದ್ದಾಳೆ."

ಹತ್ತು ನಿಮಿಷ ಧ್ವನಿ ಬರಲಿಲ್ಲ. ಆ ಹತ್ತು ನಿಮಿಷವೂ ಅಕ್ಕ ನಕ್ಕರು, ಒಮ್ಮೆ ಕಣ್ಣೊರೆಸಿಕೊಂಡರು. ಆ ಟಾಕೀಸಿನಲ್ಲಿ ಸಿನಿಮಾ ನೋಡುತ್ತಿದ್ದವರು ಅವರೊಬ್ಬರೇ. ಧ್ವನಿ ವಾಪಸು ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಮುಗಿದ ಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, "ಇದು ಸಿನಿಮಾ" ಅಂದರು.

ಬಸ್ ಸ್ಟ್ಯಾಂಡಿನಲ್ಲಿ ಕೂತು ಕೇಳಿದೆ. ಎಷ್ಟು ವರ್ಷದಿಂದ ಅಕ್ಕ, ಅಂತ. ಅವರು ಸುಳ್ಳು ಹೇಳಲು ಹೋಗಲಿಲ್ಲ. ಗಂಡ ಇದ್ದಾಗಲೇ ಶುರುವಾಗಿತ್ತಂತೆ, ಆರೇಳು ವರ್ಷದಿಂದ ಕಿವಿ ಹೆಚ್ಚುಕಮ್ಮಿ ಪೂರ್ತಿ ಹೋಗಿದೆಯಂತೆ. ಮಗ್ಗ ಓಡುವಾಗ ಶೆಡ್ಡಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು, ಹಾಗಾಗಿ ಯಾರಿಗೂ ತಿಳಿದಿಲ್ಲ. ಮಗಳಿಗೂ ತಿಳಿದಿಲ್ಲ. ಸಿನಿಮಾದಲ್ಲಿ ಮುಖ ಅಷ್ಟು ದೊಡ್ಡದಾಗಿ ಕಾಣುತ್ತದಲ್ಲ, ಕತ್ತು ತಿರುಗಿಸಿ ತಿರುಗಿಸಿ ಮಾತು ಹಿಡಿಯಬೇಕಿಲ್ಲ, ಅದಕ್ಕೇ ಹೋಗಬೇಕು ಅನ್ನಿಸುತ್ತದೆ ಅಂದರು. ಡಾಕ್ಟರಿಗೆ ತೋರಿಸೋಣ, ಮಗಳಿಗೆ ಹೇಳೋಣ ಅಂದೆ. ಅಕ್ಕ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ಮಿಸ್. ನಮ್ಮಮ್ಮಂಗೂ ಹಿಂಗೇ ಆಗಿತ್ತು. ಗೊತ್ತಾದ್ಮೇಲೆ ಮನೇಲಿ ನಾವು ಮಾತು ಕಮ್ಮಿ ಮಾಡ್ಬಿಟ್ವಿ. ಬೇಕಂತ ಅಲ್ಲ. ಎರಡೆರಡು ಸಲ ಹೇಳಕ್ಕೆ ಬೇಜಾರು. ಊಟ, ನೀರು, ಮಾತ್ರೆ, ಇಷ್ಟೇ ಉಳ್ಕಂತು. ಆರು ವರ್ಷ ಅವ್ಳು ಹಂಗೇ ಬದುಕಿದ್ಲು."

ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಮರುದಿನ ಜಗುಲಿಯಲ್ಲಿ ಅಕ್ಕ ಆ ಚಪ್ಪಲಿ ಅಂಗಡಿಯ ಸಿನಿಮಾವನ್ನು ಹೊಗಳಿದ್ದೇ ಹೊಗಳಿದ್ದು. ಅಕ್ಕ ಒಂದು ಸಿನಿಮಾ ಚೆನ್ನಾಗಿದೆ ಅಂದದ್ದೇ ಬೀದಿಗೆ ದೊಡ್ಡ ಸುದ್ದಿ. ಹೋಗಿ ನೋಡಿದವರು ಯಾರೂ ಇಲ್ಲ. ಶುಕ್ರವಾರದ ಹೊತ್ತಿಗೆ ಅದನ್ನು ತೆಗೆದು ಆ ಪರದೆಗೂ ದೊಡ್ಡ ಚಿತ್ರವನ್ನೇ ಹಾಕಿದ್ದರು. ಅಕ್ಕನೊಬ್ಬರೇ ಬುಧವಾರ ಅರ್ಧ ದಿನ ರಜೆ ಹಾಕಿ ಹೋಗಿ, ಇನ್ನೊಂದು ಸಲ ನೋಡಿ ಬಂದರಂತೆ.

ಅದಾಗಿ ನಾಲ್ಕೈದು ತಿಂಗಳಿಗೆ ಆ ವರ್ಷದ ಅತಿ ದೊಡ್ಡ ಚಿತ್ರ ಬಂತು. ರತ್ನಮ್ಮನವರ ಮಗನ ಹೀರೋನದ್ದು. ಎರಡು ವರ್ಷದಿಂದ ಅದರದೇ ಜಪ. ಮಗ ಟೆಂಪೋ ಮಾಡಿಸಿದ. ಬೀದಿಯ ಹೆಂಗಸರೆಲ್ಲಾ ಭಾನುವಾರ ಬೆಳಗಿನ ಆಟಕ್ಕೆ ಹೊರಟರು, ಅಕ್ಕ ಮತ್ತು ನಾನೂ. ಟೆಂಪೋದಲ್ಲಿ ಹಾಡು, ನಗು, ಚಿತ್ರಾನ್ನದ ಡಬ್ಬಿ. ಅಷ್ಟು ಜನರ ನಡುವೆ ಅಕ್ಕ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಅದೇ ಹೆಚ್ಚಾಗಿತ್ತು. ಒಬ್ಬ ಮನುಷ್ಯ ಮೂರು ಗಂಟೆ ತಾನು ಎಷ್ಟು ದೊಡ್ಡವನು ಅಂತ ಹೇಳಿಕೊಂಡ, ಸುತ್ತ ಇದ್ದವರು ಹೌದು ಹೌದು ಅಂದರು. ಅವನನ್ನು ಸಾಕಿದ ಅಜ್ಜಿ ಅವನ ತೊಡೆಯ ಮೇಲೆ ಸಾಯುವ ದೃಶ್ಯದಲ್ಲಿ ಟಾಕೀಸೆಲ್ಲಾ ಅತ್ತಿತು. ನಾನು ವಾಚು ನೋಡಿಕೊಂಡೆ.

ಮಧ್ಯಾಹ್ನ ಮೂರಕ್ಕೆ ಬೀದಿಗೆ ವಾಪಸು ಬಂದು, ಎಲ್ಲರೂ ರತ್ನಮ್ಮನವರ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಯಾರೋ ಅಕ್ಕನನ್ನು ಕೇಳಿದರು. ಕೇಳಿದವರು ನಗುವುದಕ್ಕೆಂದೇ ಕೇಳಿದ್ದು. ಅಕ್ಕ ಲೋಟ ಕೆಳಗಿಟ್ಟು ಹೇಳಿದರು.

"ಚೆನ್ನಾಗಿರ್ಲಿಲ್ಲ. ಅಜ್ಜಿ ಸಾಯ್ತಾ ಏನೋ ಹೇಳ್ತಿದ್ಲು. ಅವ್ನು ಅವ್ಳ ಮುಖಾನೇ ನೋಡ್ಲಿಲ್ಲ, ಆಕಾಶ ನೋಡ್ದ. ಇಡೀ ಸಿನಿಮಾದಲ್ಲಿ ಒಬ್ರು ಇನ್ನೊಬ್ರ ಮುಖ ನೋಡಿ ಮಾತಾಡ್ಲಿಲ್ಲ. ಎಲ್ಲಾ ನಮ್ ಕಡೆ ತಿರುಗ್ಕೊಂಡೇ ಮಾತಾಡಿದ್ರು."

ಈ ಸಲ ಜಗಳದಲ್ಲಿ ನಗುವಿರಲಿಲ್ಲ. ಟೆಂಪೋ ಮಾಡಿಸಿ ಕರೆದುಕೊಂಡು ಹೋದವರ ಮುಂದೆಯೇ ಹೀಗೆ ಹೇಳುವುದೇ ಅಂತ ರತ್ನಮ್ಮನವರ ಮುಖ ಕೆಂಪಾಯಿತು. ದೇಶಕ್ಕೆ ದೇಶವೇ ಮೆಚ್ಚಿದ್ದು ಇವಳೊಬ್ಬಳಿಗೆ ಹಿಡಿಸುವುದಿಲ್ಲ, ಇದು ಕೊಬ್ಬು ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮಿಸ್, ನೀವು ಓದ್ದೋರು. ನೀವ್ ಹೇಳಿ, ಹೆಂಗಿತ್ತು?"

ಅಕ್ಕ ನನ್ನ ಮುಖ ನೋಡುತ್ತಿದ್ದರು. ರತ್ನಮ್ಮ ನನ್ನ ಮನೆಯ ಯಜಮಾನಿ. ಅವರ ಮಗ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಖುಷಿಯಾಗಿದ್ದ ಒಂದು ಭಾನುವಾರವನ್ನು ಕೆಡಿಸುವುದೇಕೆ ಅಂತ ನನಗೆ ನಾನೇ ಹೇಳಿಕೊಂಡು, "ಚೆನ್ನಾಗಿತ್ತು" ಅಂದೆ.

ಅಕ್ಕ ಎದ್ದು, ಲೋಟ ತೊಳೆದಿಟ್ಟು, ರಸ್ತೆ ದಾಟಿ ತಮ್ಮ ಮನೆಗೆ ಹೋದರು. ಅವರು ಹೋದ ಮೇಲೂ ಮಾತು ನಿಲ್ಲಲಿಲ್ಲ. ಕೊಬ್ಬು, ಹೊಟ್ಟೆಕಿಚ್ಚು, ಒಂಟಿ ಹೆಂಗಸಿನ ಕೆಟ್ಟ ಬುದ್ಧಿ ಅಂತ ಬೆಳೆಯುತ್ತಾ ಹೋಯಿತು. ನನಗೆ ತಡೆಯಲಾಗಲಿಲ್ಲ. ಅಕ್ಕನ ಪರ ಏನಾದರೂ ಹೇಳಬೇಕಿತ್ತು. ಆ ಸಿನಿಮಾ ನನಗೂ ಹಿಡಿಸಲಿಲ್ಲ ಅಂದಿದ್ದರೆ ಸಾಕಿತ್ತು. ಅದನ್ನು ಬಿಟ್ಟು ನಾನು ಹೇಳಿದ್ದು ಇಷ್ಟು. "ಅವ್ರಿಗೆ ಕಿವಿ ಕೇಳ್ಸಲ್ಲ, ಪಾಪ. ಏನೂ ಅರ್ಥ ಆಗಿರಲ್ಲ."

ರತ್ನಮ್ಮನವರ ಮುಖದ ಸಿಟ್ಟು ಆಗಲೇ ಇಳಿದು, ಅಯ್ಯೋ, ಹಂಗಾ ಅಂದರು. ನಾನು ತಲೆಯೆತ್ತಿ ನೋಡಿದೆ. ಎದುರು ಮನೆಯ ಕಿಟಕಿಯ ಸರಳು ಹಿಡಿದು ಅಕ್ಕ ನಿಂತಿದ್ದರು. ಒಳ್ಳೆಯ ಬಿಸಿಲಿತ್ತು. ನಾನೂ ಎಂದಿನ ಹಾಗೆ ಬಿಡಿಸಿ ಬಿಡಿಸಿಯೇ ಮಾತಾಡಿದ್ದೆ.

ಮರುದಿನ ನಾನು ಸ್ಕೂಲಿಗೆ ಹೊರಟಾಗ ಅಕ್ಕ ಮೆಟ್ಟಿಲ ಬಳಿ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಕೇಳಿಸ್ಲಿಲ್ಲ ಅಂತ ಅಲ್ಲ ಮಿಸ್ ನಾ ಹೇಳಿದ್ದು. ಚೆನ್ನಾಗಿರ್ಲಿಲ್ಲ ಅಂತ."

ಅಷ್ಟು ಹೇಳಿ ಶೆಡ್ಡಿಗೆ ಹೋದರು.

ಅವತ್ತಿನಿಂದ ಬೀದಿ ಅಕ್ಕನ ಬಗ್ಗೆ ಬಹಳ ಕರುಣೆಯಿಂದ ನಡೆದುಕೊಂಡಿತು. ರತ್ನಮ್ಮ ಅವರ ಹತ್ತಿರ ಬಾಗಿ, ಬಾಯಿ ದೊಡ್ಡದು ಮಾಡಿ, ಕೈಯಲ್ಲಿ ತುತ್ತು ಮಾಡಿ ತೋರಿಸಿ ಊಟ ಆಯಿತಾ ಅಂತ ಕೇಳುತ್ತಿದ್ದರು. ಅಷ್ಟು ಅಗಲ ಬಾಯಿ ತೆಗೆದರೆ ತುಟಿ ಓದಲು ಬರುವುದಿಲ್ಲ ಅನ್ನುವುದು, ಮಗ್ಗದ ಸದ್ದಿನಲ್ಲಿ ದಿನವೂ ತುಟಿ ನೋಡಿ ಮಾತಾಡುವವರಿಗೇ ಮರೆತುಹೋಗಿತ್ತು. ಉಳಿದವರು ಸಾರು ತಂದುಕೊಟ್ಟರು, ಹಬ್ಬಕ್ಕೆ ಒಬ್ಬಟ್ಟು ತಂದುಕೊಟ್ಟರು. ಕರೆಂಟು ಹೋದಾಗ ಜಗುಲಿಯಲ್ಲಿ ಮಾತು ಅವರನ್ನು ದಾಟಿ ಹೋಗುತ್ತಿತ್ತು. ಆಮೇಲೂ ದೊಡ್ಡ ಚಿತ್ರಗಳು ಬಂದವು. ಅಕ್ಕನನ್ನು ಹೆಂಗಿತ್ತು ಅಂತ ಕೇಳಿದವರಿಲ್ಲ, ಅಕ್ಕ ನೋಡಲು ಹೋಗಲೂ ಇಲ್ಲ. ನಾನು ಎರಡು ಸಲ ಕರೆದೆ. ಕಾಲು ನೋವು ಅಂದರು.

ಸುದ್ದಿ ಮಗಳಿಗೂ ತಲುಪಿ, ಅವಳು ಬಂದು ಅತ್ತು, ಕಿವಿಗೆ ಹಾಕುವ ಮಿಷನ್ನು ಕೊಡಿಸಿದಳು. ತಲೆಯೊಳಗೇ ಮಗ್ಗ ಹಾಕಿದ ಹಾಗಿದೆ ಅಂತ ಅಕ್ಕ ಅದನ್ನು ತೆಗೆದಿಟ್ಟರು. ಆ ವರ್ಷ ಯುಗಾದಿ ಕಳೆದ ಮೇಲೆ ಮಗಳು ಅವರನ್ನು ಹೊಸಕೋಟೆಗೆ ಕರೆದುಕೊಂಡು ಹೋದಳು. ನನಗೂ ನೆಲಮಂಗಲಕ್ಕೆ ವರ್ಗವಾಯಿತು.

ಹೋದ ವರ್ಷ ಒಂದು ರಜೆಯ ದಿನ ಹೊಸಕೋಟೆಗೆ ಹೋಗಿ ಅವರನ್ನು ನೋಡಿದೆ. ಮನೆ ಚೆನ್ನಾಗಿತ್ತು. ಮಗಳು, ಅಳಿಯ ಒಳ್ಳೆಯವರು. ನಡುಮನೆಯ ಟಿವಿಯಲ್ಲಿ ಯಾವುದೋ ಹೊಡೆದಾಟ ನಡೆಯುತ್ತಿತ್ತು, ಅಕ್ಕ ಅದಕ್ಕೆ ಬೆನ್ನು ಹಾಕಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ಕಂಡು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹೇಗಿದ್ದೀರಿ ಅಂದೆ. ಎಲ್ಲಾ ಚೆನ್ನಾಗಿ ನೋಡ್ಕೊತಾರೆ, ಊಟ ಆಯ್ತಾ ಅಂತ ಕೇಳ್ತಾರೆ ಅಂದರು. ಆ ಮಾತು ಹೇಳಿ ಅವರೆಕಾಯಿಯ ಕಡೆ ನೋಡಿದರು.

ಮಗಳು ಒಳಗೆ ಹೋದಾಗ ನಾನು ಬಂದ ಕೆಲಸಕ್ಕೆ ಕೈ ಹಾಕಿದೆ. ಆ ದಿನದ ಸಿನಿಮಾ ನನಗೂ ಹಿಡಿಸಿರಲಿಲ್ಲ, ನನಗೆ ಒಂದೊಂದು ಮಾತೂ ಕೇಳಿಸಿತ್ತು, ಕೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಅಂತ ಹೇಳಿದೆ. ಅವರಿಗೆ ತಿಳಿಯಲಿ ಅಂತ ನಿಧಾನವಾಗಿ ಹೇಳಿದೆ.

ಅಕ್ಕ ಪೂರ್ತಿ ನೋಡಿದರು.

"ನಂಗೊತ್ತು ಮಿಸ್. ಅವತ್ತು ಟಾಕೀಸಲ್ಲಿ ಆಗಾಗ ಪರದೆ ಬಿಟ್ಟು ನಿಮ್ ಮುಖಾನೂ ನೋಡ್ತಿದ್ದೆ ನಾನು. ನನ್ ಹತ್ರ ಹೇಳಿ ಏನು ಬಂತು? ಜಗುಲಿ ಮೇಲೆ ಹೇಳ್ಬೇಕಿತ್ತು."

ಆಮೇಲೆ ಕಾಫಿ ಬಂತು. ಸುಲಿದ ಅವರೆಕಾಳಲ್ಲಿ ಅರ್ಧದಷ್ಟನ್ನು ಕವರಿಗೆ ಹಾಕಿ ನನಗೆ ಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿದರು.

ಅಕ್ಕ ತೀರಿಕೊಂಡದ್ದು ಈ ಸಲದ ಮಳೆಗಾಲದಲ್ಲಿ. ಎರಡು ದಿನದ ಜ್ವರ. ನನಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಕಾರ್ಯಗಳೂ ಮುಗಿದಿದ್ದವು. ಹೊಸಕೋಟೆಗೆ ಹೋಗಿ ಮಗಳನ್ನು ಮಾತಾಡಿಸಿ ಬಂದ ಮೇಲೂ ಮನಸ್ಸು ನಿಲ್ಲದೆ, ಮುಂದಿನ ಭಾನುವಾರ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ರತ್ನಮ್ಮ ಜಗುಲಿಯಲ್ಲೇ ಇದ್ದರು, ಜೊತೆಗೆ ಹಳೆಯ ಮೂರು ನಾಲ್ಕು ಜನ. ಅಕ್ಕನ ವಿಷಯ ಬಂತು. ಪುಣ್ಯಾತ್ಗಿತ್ತಿ, ನರಳದೆ ಹೋದಳು ಅಂದರು. ಎಲ್ಲರಿಗೂ ನಿಜವಾಗಿ ಬೇಸರವಾಗಿತ್ತು.

ನಾನು ಹೇಳಿದೆ. ಎಲ್ಲರ ಮುಂದೆ, ಆ ಜಗುಲಿಯ ಮೇಲೆಯೇ ಹೇಳಿದೆ. ಅವತ್ತು ಟೆಂಪೋದಲ್ಲಿ ಹೋಗಿ ನೋಡಿದ ಸಿನಿಮಾ ಚೆನ್ನಾಗಿರಲಿಲ್ಲ, ನಾನು ಚೆನ್ನಾಗಿತ್ತು ಅಂದದ್ದು ಸುಳ್ಳು, ಅಕ್ಕ ಹೇಳಿದ್ದೇ ಸರಿ ಅಂದೆ. ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆನೋ, ಒಂದು ಮಾತೂ ತಡವರಿಸಲಿಲ್ಲ.

ರತ್ನಮ್ಮ ನನ್ನನ್ನೇ ನೋಡಿದರು.

"ಯಾವ್ ಸಿನಿಮಾ ಮಿಸ್?"

ಹೆಸರು ಹೇಳಿದೆ. ಅವರು ಪಕ್ಕದವರ ಮುಖ ನೋಡಿದರು, ಪಕ್ಕದವರು ಅವರ ಮುಖ ನೋಡಿದರು. ಒಳಗಿದ್ದ ಮಗನನ್ನು ಕೂಗಿ ಕೇಳಿದರು. ಅವನು ಹೊಸ ಚಿತ್ರವೊಂದರ ಟಿಕೆಟ್ಟಿಗೆ ಫೋನು ಒತ್ತುತ್ತಾ ಕೂತಿದ್ದ, ತಲೆಯೆತ್ತಲಿಲ್ಲ. ರತ್ನಮ್ಮ ಇನ್ನೊಂದಿಷ್ಟು ಹೊತ್ತು ಯೋಚಿಸಿ, ತಲೆಯಾಡಿಸಿಬಿಟ್ಟರು.

"ಎಷ್ಟೊಂದು ಬರ್ತವೆ ಮಿಸ್. ಯಾವ್ದಂತ ನೆನಪಿಟ್ಕಳದು."